ವಲ್ಲಿಯ ಮರೆಯ ಬೆಲೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಅಲ್ಲಿಯ ವ್ಯಾಪಾರದ ರೀತಿಯನ್ನು ನಾನು ಹೊಸದಾಗಿ ಹೇಳಬೇಕಾದುದಿಲ್ಲ. ಕಾಣದವರಿಗಾಗಿ ಎರಡು ಮಾತು. ಎತ್ತಿನ ಹಲ್ಲು ಎಣಿಸುವುದು, ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಬಲವನ್ನು ಪರೀಕ್ಷಿಸುವುದು, ಇವೆಲ್ಲ ನೂರು ಜನರ ಕಣ್ಣೆದುರಿಗೇ ನಡೆಯುತ್ತವೆ. ಸುತ್ತ ನಿಂತವರು, ಯಾರೂ ಕೇಳದಿದ್ದರೂ, ತಮ್ಮ ತಮ್ಮ ಅಭಿಪ್ರಾಯವನ್ನು ಧಾರಾಳವಾಗಿ ದಯಪಾಲಿಸುತ್ತಾರೆ. ಆದರೆ ಬೆಲೆಯ ಮಾತು ಬಂದೊಡನೆ ದಲ್ಲಾಳಿ ತನ್ನ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಮಾರುವವನ ಕೈಯ ಮೇಲೆ ಹೊದಿಸಿ, ತನ್ನ ಕೈಯನ್ನೂ ಅದರೊಳಕ್ಕೆ ತೂರಿಸುತ್ತಾನೆ. ಒಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಎಷ್ಟು ಬೆರಳು ಹಿಡಿದರೆ ಎಷ್ಟು ನೂರು, ಎಷ್ಟು ಸಲ ಒತ್ತಿದರೆ ಎಷ್ಟು ಹತ್ತು ಎಂಬ ಲೆಕ್ಕ ಅವರಿಗೇ ಗೊತ್ತು. ಮುಖದಲ್ಲಿ ಏನೂ ಕಾಣದು. ಬಳಿಕ ಅದೇ ವಲ್ಲಿ ಕೊಳ್ಳುವವನ ಬಳಿಗೆ ಹೋಗುತ್ತದೆ. ಸಂತೆಯ ನಡುವೆ ಇಬ್ಬರ ಏಕಾಂತ!

1966ರ ಜಾತ್ರೆಗೆ ನಮ್ಮ ತಂದೆಯವರು ನನ್ನನ್ನು ಕರೆದುಕೊಂಡು ಹೋದರು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಹುಲ್ಲಿನ ಬಣವೆ ಕಾರ್ತಿಕ ಕಳೆಯುವ ಮೊದಲೇ ಕರಗಿತ್ತು. ನಾವು ಹೋದದ್ದು ನಮ್ಮ ಹಳ್ಳಿಕಾರ್ ಜೋಡಿಯನ್ನು ಮಾರುವುದಕ್ಕೆ. ಬರದ ವರ್ಷದಲ್ಲಿ ಎತ್ತು ಮಾರುವ ರೈತನಿಗೆ ಬೆಲೆ ಹೇಳುವ ಬಾಯಿ ಎಲ್ಲಿಂದ ಬರಬೇಕು? ನಮ್ಮೂರಿನ ನಾಲ್ಕು ಜನ ಪಕ್ಕದಲ್ಲಿಯೇ ನಿಂತಿದ್ದರು. ಅವರಲ್ಲೊಬ್ಬರು ನಮಗೆ ಸಾಲ ಕೊಟ್ಟವರು. ಇನ್ನೊಬ್ಬರು ನಮ್ಮ ಅಕ್ಕನನ್ನು ತಮ್ಮ ಮನೆಗೆ ತಂದುಕೊಳ್ಳುವ ಮಾತನ್ನು ಆಗತಾನೆ ಎತ್ತಿದ್ದವರು. ಎಲ್ಲರ ದೃಷ್ಟಿಯೂ ವಲ್ಲಿಯ ಮೇಲೆ. ಅದು ಎರಡು ಸಲ ಅಲುಗಿತು. ಮೂರನೆಯ ಸಲ ಅಲುಗಿ ನಿಂತಿತು. ತಂದೆಯವರು ಕೈ ಹೊರಗೆ ತೆಗೆದು ಹಗ್ಗವನ್ನು ಕೊಟ್ಟುಬಿಟ್ಟರು. ಹಿಂದಿರುಗುವ ದಾರಿಯಲ್ಲಿ, “ಎಷ್ಟಕ್ಕೆ ಹೋಯಿತಪ್ಪ?” ಎಂದು ಕೇಳಿದೆ. “ತಿಳಿಯಬೇಕಾದವರಿಗೆ ತಿಳಿದಿದೆ, ನಡಿ” ಎಂದರು.

ಈ ಹಳೆಯ ಸಂಗತಿ ನೆನಪಾದುದು ನನ್ನ ಮೊಮ್ಮಗಳ ದೆಸೆಯಿಂದ. ಆಕೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ತಾತನಿಗೆ ವಾಟ್ಸ್‌ಆ್ಯಪ್ ಹಾಕಿಕೊಟ್ಟವಳೂ ಅವಳೇ. ಅದರಲ್ಲಿ ಹಳದಿ ಬಣ್ಣದ ಚೌಕಟ್ಟಿನೊಳಗೆ, ಇಲ್ಲಿಯ ಸಂದೇಶಗಳನ್ನು ಹೊರಗಿನವರಾರೂ ಓದಲಾರರೆಂಬ ಅರ್ಥದ ಒಂದು ಒಕ್ಕಣೆ ಇರುತ್ತದಷ್ಟೆ. ಅದೇನೆಂದು ಕೇಳಿದೆ. “ಎನ್‌ಕ್ರಿಪ್ಷನ್, ತಾತ. ಗೂಢಲಿಪಿ. ನನ್ನ ಮಾತು ನನ್ನ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತೆ, ನಿಮ್ಮ ಫೋನಿನಲ್ಲಿ ಮಾತ್ರ ತೆರೆಯುತ್ತೆ” ಎಂದಳು. ನಾನು ಘಾಟಿಯ ವಲ್ಲಿಯ ಕಥೆಯನ್ನು ಹೇಳಿದೆ. ಆಕೆ ಸ್ವಲ್ಪ ಯೋಚಿಸಿ, “ನಿಮ್ಮ ವಲ್ಲಿಯಲ್ಲಿ ಒಂದು ಕೊರತೆಯಿದೆ, ತಾತ. ದಲ್ಲಾಳಿಗೆ ಎರಡೂ ಕಡೆಯ ಗುಟ್ಟು ಗೊತ್ತಿರುತ್ತೆ. ಇಲ್ಲಿ ದಲ್ಲಾಳಿಗೂ ಗೊತ್ತಿಲ್ಲ” ಎಂದಳು. ಐವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಚೊಕ್ಕವಾಗಿ ವಿವರಿಸಲು ಸಾಧ್ಯವಾಗುತ್ತಿರಲಿಲ್ಲ.

ದಲ್ಲಾಳಿಗೂ ತಿಳಿಯದ ಈ ಗುಟ್ಟೇ ಲೋಕದ ಸರ್ಕಾರಗಳ ನಿದ್ದೆಯನ್ನು ಕೆಡಿಸಿರುವುದು. ದಲ್ಲಾಳಿಗೆ ಗೊತ್ತಿದ್ದ ಪಕ್ಷದಲ್ಲಿ ಅವನನ್ನು ಚಾವಡಿಗೆ ಕರೆಸಿ ಕೇಳಬಹುದು. ಗೊತ್ತೇ ಇಲ್ಲದವನನ್ನು ಏನು ಕೇಳುವುದು?

ಗೂಢಲಿಪಿ ನಮಗೆ ಹೊಸದಲ್ಲ. ವಾತ್ಸ್ಯಾಯನನು ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೆಂಬುದು ಒಂದು. ಅಕ್ಷರಗಳನ್ನು ಅದಲುಬದಲು ಮಾಡಿ ಬರೆಯುವ ಕ್ರಮಗಳನ್ನು ಟೀಕಾಕಾರ ಯಶೋಧರನು ವಿವರಿಸಿದ್ದಾನೆ. ನಮ್ಮ ಹುಡುಗತನದ ‘ಚ’ ಭಾಷೆಯೂ ಅದೇ ವಂಶದ್ದು. ಮನೆಗೆ ನೆಂಟರು ಬಂದಾಗ ಅಕ್ಕನೂ ನಾನೂ ಉಂಡೆಯ ಡಬ್ಬಿ ಎಲ್ಲಿದೆಯೆಂಬುದನ್ನು ಆ ಭಾಷೆಯಲ್ಲಿಯೇ ಚರ್ಚಿಸುತ್ತಿದ್ದೆವು. ತಾಯಿಯವರಿಗೆ ಅದು ನಮಗಿಂತ ಚೆನ್ನಾಗಿ ಬರುತ್ತಿತ್ತೆಂಬುದು ತಿಳಿದದ್ದು ಬಹಳ ತಡವಾಗಿ. ಹಿಂದಿನ ಗೂಢಲಿಪಿಗಳ ದೌರ್ಬಲ್ಯವೂ ಅದೇ ಆಗಿತ್ತು. ಸೂತ್ರ ತಿಳಿದವನಿಗೆ ಎಲ್ಲವೂ ಬಯಲು. ಸೂತ್ರವನ್ನು ಎದುರಿನವನಿಗೆ ಮೊದಲೇ ಗುಟ್ಟಾಗಿ ತಲಪಿಸುವುದು ಹೇಗೆಂಬುದು ಬಗೆಹರಿಯದ ಸಮಸ್ಯೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಇದಕ್ಕೆ ದಾರಿ ತೋರಿಸಿದರು. ಅದರ ಗಣಿತ ನನ್ನ ಬುದ್ಧಿಗೆ ನಿಲುಕದು; ತಾತ್ಪರ್ಯ ಮಾತ್ರ ಸುಲಭ. ನನ್ನ ಬಳಿ ತೆರೆದ ಬೀಗಗಳು ಬೇಕಾದಷ್ಟಿವೆ, ಅವನ್ನು ಊರಿಗೆಲ್ಲ ಹಂಚುತ್ತೇನೆ. ಯಾರು ಬೇಕಾದರೂ ತಮ್ಮ ಪೆಟ್ಟಿಗೆಗೆ ನನ್ನ ಬೀಗವನ್ನು ಒತ್ತಿ ಕಳುಹಿಸಬಹುದು. ಬೀಗದಕೈ ನನ್ನ ಉಡಿದಾರದಲ್ಲಿದೆ. ಅದು ಎಂದೂ ಮನೆಯಿಂದ ಹೊರಡುವುದಿಲ್ಲ.

ಅದುವರೆಗೆ ರಾಯಭಾರ ಕಚೇರಿಗಳಿಗೂ ದಂಡಿಗೂ ಮೀಸಲಾಗಿದ್ದ ವಿದ್ಯೆ ಇದರಿಂದ ಸಾಮಾನ್ಯನ ಕೈಗೆ ಬಂದಿತು. ಅಲ್ಲಿಂದಲೇ ಸರ್ಕಾರಗಳ ಕಟ್ಟಳೆಯೂ ಮೊದಲಾಯಿತು.

ಮೊದಲ ಉಪಾಯ, ಬೀಗವನ್ನೇ ಚಿಕ್ಕದಾಗಿಸುವುದು. ಇಲ್ಲಿ ಸ್ವಲ್ಪ ಲೆಕ್ಕ ಹೇಳದೆ ವಿಧಿಯಿಲ್ಲ. ಚದುರಂಗದ ಮಣೆಯ ಮೇಲೆ ಮನೆಯಿಂದ ಮನೆಗೆ ಇಮ್ಮಡಿಯಾಗಿ ಕಾಳು ಇಡುತ್ತ ಹೋದ ಕಥೆಯನ್ನು ವಾಚಕರು ಬಲ್ಲರು. ಗೂಢಲಿಪಿಯ ಬೀಗದಕೈಯೂ ಹಾಗೆಯೇ ಬೆಳೆಯುತ್ತದೆ. ಒಂದೊಂದು ‘ಬಿಟ್’ ಸೇರಿದಂತೆ ಕಳ್ಳನು ಪರೀಕ್ಷಿಸಬೇಕಾದ ಕೈಗಳ ಸಂಖ್ಯೆ ಎರಡರಷ್ಟಾಗುತ್ತದೆ. 40 ಬಿಟ್ಟುಗಳ ಬೀಗಕ್ಕೆ ಸುಮಾರು 1,09,951 ಕೋಟಿ ಕೈಗಳು. ಮನುಷ್ಯನಿಗೆ ಇದು ಅಗಾಧ, ಗಣಕಯಂತ್ರಕ್ಕೆ ಲಘೂಪಾಹಾರ. 1997ರ ಜನವರಿಯಲ್ಲಿ ಇಯಾನ್ ಗೋಲ್ಡ್‌ಬರ್ಗ್ ಎಂಬ ಬರ್ಕ್‌ಲಿಯ ವಿದ್ಯಾರ್ಥಿ ತನ್ನ ವಿಶ್ವವಿದ್ಯಾಲಯದ ಯಂತ್ರಗಳನ್ನು ಹೂಡಿ, ಪಂಥಕ್ಕೆ ಒಡ್ಡಿದ್ದ ಅಂಥದೊಂದು ಬೀಗವನ್ನು ಮೂರೂವರೆ ಗಂಟೆಯಲ್ಲಿ ತೆರೆದುಬಿಟ್ಟ. ಹೊರದೇಶಗಳಿಗೆ ಇದಕ್ಕಿಂತ ಬಲವಾದ ಬೀಗವನ್ನು ಕಳುಹಿಸುವುದು ಆಗ ಅಮೆರಿಕದ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧವಾಗಿತ್ತು. 1996ರ ಕೊನೆಯವರೆಗೂ ಗೂಢಲಿಪಿ ಅಲ್ಲಿ ಫಿರಂಗಿ ಮದ್ದುಗುಂಡುಗಳ ಪಟ್ಟಿಯಲ್ಲಿದ್ದ ಪದಾರ್ಥ.

ನಮ್ಮ ದೇಶದಲ್ಲಿ 1998ರ ತರುವಾಯ ಖಾಸಗಿ ಸಂಸ್ಥೆಗಳಿಗೆ ಇಂಟರ್ನೆಟ್ ಸೇವೆಯ ಪರವಾನಗಿ ಕೊಡತೊಡಗಿದಾಗ ಅದರೊಳಗೆ ಒಂದು ಷರತ್ತು ಸೇರಿತು. ಪ್ರಜೆಗಳು 40 ಬಿಟ್ಟುಗಳ ಬೀಗವನ್ನು ಅಪ್ಪಣೆಯಿಲ್ಲದೆ ಬಳಸಬಹುದು. ಅದಕ್ಕೆ ಮೀರಿದರೆ ಲಿಖಿತ ಅನುಮತಿ ಪಡೆದು, ಬೀಗದಕೈಯನ್ನು ಎರಡು ಭಾಗ ಮಾಡಿ ಸರ್ಕಾರದಲ್ಲಿ ಇಡತಕ್ಕದ್ದು. ಗೋಲ್ಡ್‌ಬರ್ಗ್ ಮೂರೂವರೆ ಗಂಟೆಯಲ್ಲಿ ಮುಗಿಸಿದ ಮೇಲೆ ಬರೆದ ಷರತ್ತು ಇದು! ಇತ್ತ 2001ರಲ್ಲಿ ರಿಸರ್ವ್ ಬ್ಯಾಂಕು ಇಂಟರ್ನೆಟ್ಟಿನ ಮೂಲಕ ವ್ಯವಹರಿಸುವ ಬ್ಯಾಂಕುಗಳಿಗೆ ಕನಿಷ್ಠ 128 ಬಿಟ್ಟುಗಳ ಭದ್ರತೆ ಇರಬೇಕೆಂದು ಸೂಚಿಸಿತು. 128 ಬಾರಿ ಇಮ್ಮಡಿಸಿದರೆ 39 ಅಂಕೆಗಳ ಸಂಖ್ಯೆ ಬರುತ್ತದೆ. ಒಂದು ಕಚೇರಿ ತಟ್ಟಿಕೆಲಸ ಸಾಕೆನ್ನುತ್ತದೆ, ಇನ್ನೊಂದು ಕಚೇರಿ ಕಬ್ಬಿಣದ ಕದವೇ ಬೇಕೆನ್ನುತ್ತದೆ. ಎರಡೂ ಒಂದೇ ಸರ್ಕಾರದವು. ಹಣಕ್ಕೆ ಕದ, ಮಾತಿಗೆ ತಟ್ಟಿ ಎಂಬುದು ಅಭಿಪ್ರಾಯವಾಗಿದ್ದಿತೋ ಏನೋ.

ಎರಡನೆಯ ಉಪಾಯ ಹೆಚ್ಚು ನಯವಾದದ್ದು. ಬೀಗ ದೊಡ್ಡದೇ ಇರಲಿ, ಆದರೆ ಅದಕ್ಕೆ ಇನ್ನೊಂದು ಕೈ ಮಾಡಿಸಿ ಸರ್ಕಾರ ಇಟ್ಟುಕೊಳ್ಳಲಿ. 1993ರಲ್ಲಿ ಅಮೆರಿಕದ ಸರ್ಕಾರ ‘ಕ್ಲಿಪ್ಪರ್’ ಎಂಬ ಚಿಪ್ಪನ್ನು ಹೊರತಂದಿತು. ಮಾತನ್ನು ಗೂಢಲಿಪಿಗೆ ತಿರುಗಿಸುವ ಬಿಲ್ಲೆ ಅದು. ಪ್ರತಿಯೊಂದರ ಕೈಯನ್ನೂ ಎರಡು ಹೋಳು ಮಾಡಿ ಎರಡು ಸರ್ಕಾರಿ ಇಲಾಖೆಗಳಲ್ಲಿ ಭದ್ರಪಡಿಸಿ, ಕಾನೂನುಬದ್ಧ ಆಜ್ಞೆ ಇದ್ದಲ್ಲದೆ ಕೊಡುವುದಿಲ್ಲವೆಂಬುದು ಏರ್ಪಾಟು. ಕೇಳಲು ನ್ಯಾಯವಾಗಿಯೇ ಇದೆ. ಮರುವರ್ಷವೇ ಮ್ಯಾಟ್ ಬ್ಲೇಜ್ ಎಂಬ ಸಂಶೋಧಕ, ಸರ್ಕಾರಕ್ಕೆ ಗುರುತು ಹತ್ತಿಸುವ ಅದರ ಮುದ್ರೆಯನ್ನೇ ನಕಲಿಮಾಡಿ ಬೀಗವನ್ನು ಬಳಸಬಹುದೆಂದು ತೋರಿಸಿಕೊಟ್ಟ. ಕ್ಲಿಪ್ಪರ್ ಮೂಲೆ ಸೇರಿತು.

ಇದನ್ನು ಓದುವಾಗ ನನ್ನ ಮನಸ್ಸು ವಾಷಿಂಗ್‌ಟನ್ನಿನಲ್ಲಿ ನಿಲ್ಲದೆ ಪಾಟಲೀಪುತ್ರಕ್ಕೆ ಓಡಿತು. ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನೂ, ಅದೇ ಕಥೆಯನ್ನು 1823ರಲ್ಲಿ ಕನ್ನಡ ಗದ್ಯಕ್ಕಿಳಿಸಿದ ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನೂ ಪಾಠ ಹೇಳಿದವನು ನಾನು, ಆದ್ದರಿಂದ ಈ ಚಾಪಲ್ಯವನ್ನು ವಾಚಕರು ಮನ್ನಿಸಬೇಕು. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ನಾಟಕದಲ್ಲಿ ಚಾಣಕ್ಯನ ಕೈಗೆ ಬಂದದ್ದು ಹೇಗೆ? ಯಾರೂ ದರೋಡೆ ಮಾಡಲಿಲ್ಲ. ರಾಕ್ಷಸನು ಅದನ್ನು ಹೆಂಡತಿಯ ಬೆರಳಿನಲ್ಲಿ ಬಿಟ್ಟು ಹೋಗಿದ್ದ. ಆಕೆ ಚಂದನದಾಸನ ಮನೆಯಲ್ಲಿ ಆಶ್ರಯ ಪಡೆದಿದ್ದಳು. ಬಾಗಿಲಿಗೆ ಓಡಿದ ಮಗುವನ್ನು ಒಳಕ್ಕೆಳೆದುಕೊಳ್ಳುವ ಗಡಿಬಿಡಿಯಲ್ಲಿ ಉಂಗುರ ಸಡಿಲಿ ಹೊಸ್ತಿಲಾಚೆಗೆ ಉರುಳಿತು, ಬೇಹಿನವನ ಪಾದದ ಬಳಿ ನಿಂತಿತು. ಇಷ್ಟೇ. ಆಮೇಲೆ ಚಾಣಕ್ಯನು ಅದರಿಂದ ರಾಕ್ಷಸನ ಪತ್ರಗಳನ್ನು ಓದಿದನೆ? ಅದಕ್ಕಿಂತ ಘೋರವಾದುದನ್ನು ಮಾಡಿದ. ರಾಕ್ಷಸನ ಹೆಸರಿನಲ್ಲಿ, ರಾಕ್ಷಸನ ಮುದ್ರೆಯೊತ್ತಿ, ರಾಕ್ಷಸನು ಎಂದೂ ಬರೆಯದ ಓಲೆಯನ್ನು ಸೃಷ್ಟಿಸಿದ. ಮಿತ್ರರೇ ಅವನನ್ನು ದ್ರೋಹಿಯೆಂದು ನಂಬಿದರು. ಇನ್ನೊಬ್ಬರ ಬಳಿ ಇರುವ ಬೀಗದಕೈ ನಮ್ಮ ಪೆಟ್ಟಿಗೆಯಿಂದ ತೆಗೆಯಲೂ ಬಲ್ಲದು, ನಾವಿಡದಿದ್ದುದನ್ನು ಒಳಗಿಡಲೂ ಬಲ್ಲದು.

ಕಥೆಯೆಂದು ತಳ್ಳಿಹಾಕುವವರಿಗೆ ಗ್ರೀಸ್ ದೇಶದ ನಿಜಸಂಗತಿಯೊಂದಿದೆ. ಪೊಲೀಸರು ಕಾನೂನುಬದ್ಧವಾಗಿ ದೂರವಾಣಿಯನ್ನು ಆಲಿಸಲೆಂದು ವಿನಿಮಯ ಕೇಂದ್ರದ ಯಂತ್ರಗಳಲ್ಲಿ ಒಂದು ಕಿಂಡಿ ಇರುತ್ತದೆ. ಅಥೆನ್ಸಿನ ಒಲಿಂಪಿಕ್ಸ್ ನಡೆದ 2004ರಲ್ಲಿ ಯಾರೋ ವೊಡಾಫೋನ್ ಗ್ರೀಸಿನ ಯಂತ್ರಗಳೊಳಗೆ ನುಸುಳಿ, ಅದೇ ಕಿಂಡಿಯನ್ನು ತೆರೆದು, ನೂರಕ್ಕೂ ಹೆಚ್ಚು ಫೋನುಗಳನ್ನು ತಿಂಗಳುಗಟ್ಟಲೆ ಆಲಿಸಿದರು. ಹಾಗೆ ಆಲಿಸಲ್ಪಟ್ಟವರಲ್ಲಿ ದೇಶದ ಪ್ರಧಾನಿಯೂ ಒಬ್ಬರು. ಇಪ್ಪತ್ತು ವರ್ಷಗಳ ಬಳಿಕ, 2024ರಲ್ಲಿ, ಚೀನದವರೆಂದು ಹೇಳಲಾದ ದಾಳಿಕಾರರು ಅಮೆರಿಕದ ದೊಡ್ಡ ದೊಡ್ಡ ದೂರವಾಣಿ ಕಂಪನಿಗಳೊಳಗೆ ಹೊಕ್ಕಿದ್ದುದು ಬೆಳಕಿಗೆ ಬಂದಿತು. ನ್ಯಾಯಾಲಯದ ಆಜ್ಞೆಯ ಮೇಲೆ ಆಲಿಸಲು ಮಾಡಿದ್ದ ವ್ಯವಸ್ಥೆಯನ್ನೂ ಅವರು ಬಿಟ್ಟಿರಲಿಲ್ಲ. ಆಗ ಅಮೆರಿಕದ ಅಧಿಕಾರಿಗಳೇ ಜನರಿಗೆ ಕೊಟ್ಟ ಸಲಹೆ: ಸಾಧ್ಯವಿದ್ದಲ್ಲೆಲ್ಲ ಗೂಢಲಿಪಿಯ ಸಂದೇಶಗಳನ್ನೇ ಬಳಸಿರಿ. ಮೂವತ್ತು ವರ್ಷ ಯಾವುದನ್ನು ಸಡಿಲಿಸಬೇಕೆಂದು ಹಟ ಹಿಡಿದಿದ್ದರೋ ಅದರ ಮೊರೆಯನ್ನೇ ಹೊಕ್ಕಂತಾಯಿತು. ಆ ಹಳೆಯ ಚಿಕ್ಕ ಬೀಗಗಳ ಶೇಷವೂ ಬೇಗ ಅಳಿಯಲಿಲ್ಲ. ರಫ್ತಿಗೆಂದು ಬೇಕೆಂದೇ ದುರ್ಬಲಗೊಳಿಸಿದ ಬೀಗಗಳನ್ನು ಅಸಂಖ್ಯಾತ ಜಾಲತಾಣಗಳು ಇನ್ನೂ ಒಪ್ಪಿಕೊಳ್ಳುತ್ತಿವೆಯೆಂದು 2015ರಲ್ಲಿ ಸಂಶೋಧಕರು ಕಂಡುಹಿಡಿದರು. ಅವುಗಳಲ್ಲಿ ಅಮೆರಿಕದ ಬೇಹುಗಾರಿಕೆಯ ಸಂಸ್ಥೆಯಾದ ಎನ್‌ಎಸ್‌ಎಯ ಸ್ವಂತ ತಾಣವೂ ಒಂದಾಗಿತ್ತು.

ಸಾಹಿತ್ಯದ ಪುಟದಲ್ಲಿ ಇದನ್ನೆಲ್ಲ ಏಕೆ ಬರೆಯಬೇಕೆಂದು ಯಾರಾದರೂ ಕೇಳಬಹುದು. ಪುಸ್ತಕಕ್ಕೂ ಈ ಜಗಳಕ್ಕೂ ಒಂದು ಸೊಗಸಾದ ನಂಟಿದೆ. ಫಿಲ್ ಜಿಮ್ಮರ್‌ಮನ್ ಎಂಬಾತ 1991ರಲ್ಲಿ ‘ಪಿಜಿಪಿ’ ಎಂಬ ಗೂಢಲಿಪಿಯ ಪ್ರೋಗ್ರಾಮನ್ನು ಬರೆದು ಉಚಿತವಾಗಿ ಹಂಚಿದ. ಅದು ದೇಶದ ಗಡಿ ದಾಟಿತು. ಪರವಾನಗಿಯಿಲ್ಲದೆ ಮದ್ದುಗುಂಡು ರಫ್ತು ಮಾಡಿದಂತಾಯಿತೆಂದು 1993ರಿಂದ ಮೂರು ವರ್ಷ ಅವನ ಮೇಲೆ ತನಿಖೆ ನಡೆಯಿತು. ನಡುವೆ, 1995ರಲ್ಲಿ, ಎಂಐಟಿಯ ಮುದ್ರಣಾಲಯ ಆ ಪ್ರೋಗ್ರಾಮಿನ ಅಕ್ಷರ ಅಕ್ಷರವನ್ನೂ ಗ್ರಂಥರೂಪದಲ್ಲಿ ಅಚ್ಚುಹಾಕಿತು. ಫ್ಲಾಪಿಯಲ್ಲಿ ಹೋದರೆ ಆಯುಧ, ರಟ್ಟು ಹೊದಿಸಿದರೆ ಸಾರಸ್ವತ! ಪುಸ್ತಕದ ರಫ್ತನ್ನು ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಮುಂದೆ 1997ರಲ್ಲಿ ಹೊಸ ಆವೃತ್ತಿಯೊಂದು ಆರು ಸಾವಿರಕ್ಕೂ ಮಿಕ್ಕಿದ ಪುಟಗಳಲ್ಲಿ ಯೂರೋಪಿಗೆ ಬಂದಾಗ, ಅಲ್ಲಿಯ ಉತ್ಸಾಹಿಗಳು ಒಂದೊಂದೇ ಹಾಳೆಯನ್ನು ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ಮತ್ತೆ ಪ್ರೋಗ್ರಾಮನ್ನಾಗಿ ಮಾಡಿಕೊಂಡರು. ಓಲೆಗರಿಯಿಂದ ಕಾವ್ಯಗಳನ್ನು ಪ್ರತಿಮಾಡಿ ಉಳಿಸಿದ ನಮ್ಮ ಲಿಪಿಕಾರರನ್ನು ನೆನೆದೆ. ಅದೇ ಕಾಲದಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತದ ವಿದ್ಯಾರ್ಥಿ ತನ್ನ ಬರಹವನ್ನು ಪ್ರಕಟಿಸಲು ಸರ್ಕಾರದ ಅಪ್ಪಣೆ ಏಕೆಂದು ದಾವೆ ಹೂಡಿದ. ಪ್ರೋಗ್ರಾಮಿನ ಭಾಷೆಯೂ ಭಾಷೆಯೇ, ಅದರಲ್ಲಿ ಬರೆದದ್ದೂ ವಾಕ್‌ಸ್ವಾತಂತ್ರ್ಯಕ್ಕೆ ಒಳಪಟ್ಟದ್ದೇ ಎಂದು 1996ರಲ್ಲಿ ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ತೀರ್ಪಿತ್ತರು. 2000ದ ಜನವರಿಯ ವೇಳೆಗೆ ಅಮೆರಿಕ ಆ ರಫ್ತಿನ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿತು.

ನಮ್ಮ ಮನೆಯ ಕಥೆಗೆ ಬರೋಣ. ಪತ್ರವನ್ನು ಒಡೆದು ನೋಡುವ ಅಧಿಕಾರ ನಮ್ಮಲ್ಲಿ ಪರಂಪರೆಯಿಂದ ಬಂದ ಆಸ್ತಿ. 1885ರ ತಂತಿ ಕಾಯಿದೆ, 1898ರ ಅಂಚೆ ಕಾಯಿದೆ, ಎರಡನ್ನೂ ಬರೆದವರು ಪರದೇಶದ ದೊರೆಗಳು. ಅವರ ಸ್ವಂತ ನಾಡಿನಲ್ಲಿ ಇದೇ ವಿಷಯಕ್ಕೆ ಹಿಂದೆಯೇ ಗಲಭೆಯಾಗಿತ್ತು. 1844ರಲ್ಲಿ ಲಂಡನ್ನಿನಲ್ಲಿ ಬದುಕುತ್ತಿದ್ದ ಇಟಲಿಯ ದೇಶಭಕ್ತ ಮ್ಯಾಝಿನಿಗೆ ತನ್ನ ಕಾಗದಗಳನ್ನು ಯಾರೋ ಒಡೆಯುತ್ತಿರುವರೆಂಬ ಸಂಶಯ ಬಂದು, ಗೆಳೆಯರಿಂದ ಲಕೋಟೆಯೊಳಗೆ ಗಸಗಸೆಯ ಕಾಳುಗಳನ್ನು ಹಾಕಿಸಿ ತರಿಸಿಕೊಂಡ. ಕಾಗದ ಬಂದಿತು, ಗಸಗಸೆ ಬರಲಿಲ್ಲ. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಗೃಹಮಂತ್ರಿ ಗ್ರಹಾಮನ ಹೆಸರು ಕೆಟ್ಟಿತು. ಕಾರ್ಲೈಲ್ ಮ್ಯಾಝಿನಿಯ ಪರವಾಗಿ ಪತ್ರಿಕೆಗೆ ಬರೆದ. ಹಾಗಿದ್ದೂ ಅವರು ನಮಗೆ ಆ ಕಾಯಿದೆಗಳನ್ನು ಕೊಟ್ಟು ಹೋದರು, ನಾವು ಜೋಪಾನವಾಗಿ ಇಟ್ಟುಕೊಂಡೆವು. 1986ರಲ್ಲಿ ಅಂಚೆಯನ್ನು ತಡೆಯುವ ಅಧಿಕಾರವನ್ನು ಹಿಗ್ಗಿಸುವ ಮಸೂದೆಗೆ ಸಂಸತ್ತು ಒಪ್ಪಿಗೆಯಿತ್ತಾಗ ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತ ಹಾಕದೆ ಹಾಗೆಯೇ ಇಟ್ಟುಕೊಂಡರು; ಅದು ಕಾನೂನಾಗಲಿಲ್ಲ. 1988ರ ಆಗಸ್ಟಿನಲ್ಲಿ ಫೋನು ಕದ್ದಾಲಿಕೆಯ ಆರೋಪ ಬಂದು ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತುದು ನಡುವಯಸ್ಸು ದಾಟಿದ ಕನ್ನಡಿಗರಿಗೆ ನೆನಪಿರುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ನಿಯಮಗಳನ್ನು ವಿಧಿಸಿತು: ಗೃಹ ಕಾರ್ಯದರ್ಶಿಯ ಆಜ್ಞೆ ಬೇಕು, ಆಜ್ಞೆಗೆ ಅವಧಿ ಬೇಕು, ಮೇಲೊಂದು ಪರಿಶೀಲನಾ ಸಮಿತಿ ಬೇಕು. ಆ ಎರಡು ಹಳೆಯ ಕಾಯಿದೆಗಳ ಜಾಗಕ್ಕೆ 2023ರಲ್ಲಿ ಹೊಸ ಕಾಯಿದೆಗಳು ಬಂದುವು. ತಡೆದು ನೋಡುವ ಅಧಿಕಾರ ಮಾತ್ರ ಹೊಸ ಮನೆಗೂ ಹಳೆಯ ಸಾಮಾನಿನಂತೆ ಬಂದು ಸೇರಿತು.

ಗೂಢಲಿಪಿಯನ್ನೇ ಕುರಿತ ಪ್ರಯತ್ನ ನಡೆದದ್ದು 2015ರ ಸೆಪ್ಟೆಂಬರಿನಲ್ಲಿ. ಸರ್ಕಾರ ಪ್ರಕಟಿಸಿದ ಕರಡು ನೀತಿಯಲ್ಲಿ, ಗೂಢಲಿಪಿಯಲ್ಲಿ ಕಳುಹಿಸಿದ ಸಂದೇಶದ ಬಿಚ್ಚುರೂಪವನ್ನು ಪ್ರಜೆಯೇ 90 ದಿನ ಕಾಪಾಡಿ ಪೊಲೀಸರು ಕೇಳಿದಾಗ ಒಪ್ಪಿಸತಕ್ಕದ್ದೆಂದು ಬರೆದಿತ್ತು. ಅಂದರೆ ನನ್ನ ಮೊಮ್ಮಗಳು “ತಾತ, ಮಾತ್ರೆ ತೊಗೊಂಡ್ರಾ?” ಎಂದು ಕೇಳಿದ್ದನ್ನೂ ನಾನು “ಹೂಂ” ಎಂದು ಸುಳ್ಳು ಹೇಳಿದ್ದನ್ನೂ ಮೂರು ತಿಂಗಳು ಕಡತದಲ್ಲಿ ಇಡಬೇಕು. ದೇಶದಲ್ಲೆಲ್ಲ ಕೂಗೆದ್ದಿತು. ವಾಟ್ಸ್‌ಆ್ಯಪಿನಂಥವಕ್ಕೆ ಇದು ಅನ್ವಯಿಸದೆಂದು ಮೊದಲು ಒಂದು ತಿದ್ದುಪಡಿ ಬಂದಿತು. ಕೂಗು ಅಡಗದಿರಲು ಸೆಪ್ಟೆಂಬರ್ 22ರಂದು ಕರಡನ್ನೇ ಹಿಂತೆಗೆದುಕೊಂಡರು.

ಇಷ್ಟು ಬರೆದು ನಿಲ್ಲಿಸಿದ್ದರೆ ಲೇಖನ ಸುಗಮವಾಗಿ ಮುಗಿಯುತ್ತಿತ್ತು. ಆದರೆ ನನ್ನ ಹಳೆಯ ಶಿಷ್ಯನೊಬ್ಬ ಪೊಲೀಸ್ ಅಧಿಕಾರಿಯಾಗಿದ್ದಾನೆ. ಕಳೆದ ದೀಪಾವಳಿಗೆ ಮನೆಗೆ ಬಂದಿದ್ದವನೊಡನೆ ಈ ಮಾತೆತ್ತಿದೆ. ಬಹಳ ಹೊತ್ತು ಸುಮ್ಮನೆ ಕೇಳಿ, ಆಮೇಲೆ, “ಮೇಷ್ಟ್ರೇ, ನೀವು ರಾಕ್ಷಸನ ಉಂಗುರದ ಪಾಠ ಹೇಳುತ್ತೀರಿ, ಸರಿ. ಎಂಟು ವರ್ಷದ ಮಗುವಿನ ಚಿತ್ರಗಳನ್ನು ನೀಚರು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿಲ್ಲ. ನಾನು ನೋಡಿದ್ದೇನೆ. ನ್ಯಾಯಾಧೀಶರ ಸಹಿ ನನ್ನ ಕೈಯಲ್ಲಿರುತ್ತದೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ಆ ತಾಯಿಗೆ ನಾನು ಏನು ಹೇಳಲಿ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಪೂರ್ತಿಯಾಗಿ ಇಲ್ಲ. ಗೂಢಲಿಪಿಯ ಪರವಾಗಿ ಬರೆಯುವವರಲ್ಲಿ ಹಲವರು ಈ ಪ್ರಶ್ನೆಯನ್ನು ಸರ್ಕಾರದ ಕುಂಟುನೆಪವೆಂದು ಹಗುರವಾಗಿ ತಳ್ಳಿಬಿಡುತ್ತಾರೆ, ಅದು ಸರಿಯಲ್ಲ.

ಅವನು ಬೀದರಿನ ಮಾತನ್ನೂ ತೆಗೆದ. 2018ರ ಜುಲೈಯಲ್ಲಿ ಆ ಜಿಲ್ಲೆಯ ಮುರ್ಕಿ ಎಂಬ ಊರಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕ ಸಾಫ್ಟ್‌ವೇರ್ ಎಂಜಿನಿಯರನನ್ನು ಜನ ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಅವನ ತಂಡದವರು ಮಾಡಿದ್ದಿಷ್ಟೇ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದು. ವಾಟ್ಸ್‌ಆ್ಯಪಿನಲ್ಲಿ ಹರಿದ ಸುಳ್ಳು ಅವರ ಕಾರಿಗಿಂತ ಮುಂದೆ ಓಡಿತ್ತು. ಆ ವರ್ಷ ದೇಶದ ಹಲವೆಡೆ ಹೀಗೆ ಅಮಾಯಕರು ಸತ್ತರು. “ಆ ಮಾತನ್ನು ಮೊದಲು ಆಡಿದವನು ಯಾರು ಎಂದು ಕೇಳಬಾರದೆ?” ಎಂಬುದು ಶಿಷ್ಯನ ಪ್ರಶ್ನೆ. 2021ರ ನಿಯಮಗಳಲ್ಲಿ ಸರ್ಕಾರ ಕೇಳಿದ್ದೂ ಅದನ್ನೇ: ದೊಡ್ಡ ಸಂದೇಶ ಸೇವೆಗಳು, ಆಜ್ಞೆಯಾದಾಗ, ಒಂದು ಸಂದೇಶದ ಮೊದಲ ಕರ್ತೃವನ್ನು ಗುರುತಿಸಿಕೊಡಬೇಕು. ಒಳಗಿನ ಮಾತನ್ನು ಕೇಳುವುದಿಲ್ಲ, ಆಡಿದವನನ್ನು ಮಾತ್ರ ತೋರಿಸಿರಿ ಎಂಬ ವಾದ. ವಾಟ್ಸ್‌ಆ್ಯಪ್ ಆ ವರ್ಷದ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 2024ರ ಏಪ್ರಿಲಿನಲ್ಲಿ, ಗೂಢಲಿಪಿಯನ್ನು ಮುರಿಯಲು ಬಲವಂತ ಮಾಡಿದರೆ ಈ ದೇಶವನ್ನು ಬಿಡಬೇಕಾದೀತೆಂದು ಅದರ ವಕೀಲರು ನುಡಿದರು. ವ್ಯಾಪಾರಿಯ ಬೆದರಿಕೆಯನ್ನು ತತ್ತ್ವನಿಷ್ಠೆಯೆಂದು ಭ್ರಮಿಸುವಷ್ಟು ಎಳೆಯನಲ್ಲ ನಾನು. ಬ್ರಿಟನ್ನಿನಲ್ಲಿ 2025ರ ಫೆಬ್ರುವರಿಯಲ್ಲಿ ಸರ್ಕಾರದ ಒತ್ತಾಯಕ್ಕೆ ಆ್ಯಪಲ್ ಕಂಪನಿ ಮಾಡಿದ್ದು ಬೇರೊಂದು ರೀತಿ. ಹಿಂಬಾಗಿಲು ಇಡುವುದರ ಬದಲು ತನ್ನ ಅತಿ ಭದ್ರವಾದ ಬೀಗವನ್ನೇ ಅಲ್ಲಿಯವರಿಗೆ ಕೊಡುವುದನ್ನು ನಿಲ್ಲಿಸಿಬಿಟ್ಟಿತು.

ಮುರ್ಕಿಯ ಸಾವು ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ನನಗೆ ತೋರಿದ್ದನ್ನು ಹೇಳುತ್ತೇನೆ. ಅಲ್ಲಿ ಗುಟ್ಟೆಂಬುದು ಇರಲೇ ಇಲ್ಲ. ಸುಳ್ಳು ಹರಡಿದ್ದು ಊರೂರಿನ ದೊಡ್ಡ ಗುಂಪುಗಳಲ್ಲಿ, ನೂರಾರು ತೆರೆದ ಫೋನುಗಳಲ್ಲಿ. ಕೆಲವೇ ದಿನಗಳಲ್ಲಿ ಮೂವತ್ತರಷ್ಟು ಜನರನ್ನು ಹಿಡಿದರು; ಅವರಲ್ಲಿ ಗುಂಪಿನ ನಿರ್ವಾಹಕನೂ ಇದ್ದ. ಮೊದಲು ಆಡಿದವನೊಬ್ಬನನ್ನು ಎಂದಾದರೂ ಹುಡುಕಬೇಕಾದೀತೆಂದು, ಕೋಟ್ಯಂತರ ಜನ ಆಡುವ ಪ್ರತಿಯೊಂದು ಮಾತಿಗೂ ಆಡಿದ ಕ್ಷಣದಲ್ಲೇ ಚೀಟಿ ಕಟ್ಟಿಡಬೇಕು. ಹಾಗೆ ಕಟ್ಟಿದ ಚೀಟಿ ಮೊದಲು ಯಾರ ಕೊರಳಿಗೆ ಸುತ್ತಿಕೊಳ್ಳುತ್ತದೆ? ಬೇರೆಲ್ಲಿಂದಲೋ ಬಂದ ಸುಳ್ಳನ್ನು ಅರಿಯದೆ ಎತ್ತಿ ಹಾಕಿದ ಅಜ್ಜಿಗೋ, ಕಚೇರಿಯ ಅನ್ಯಾಯವನ್ನು ಪತ್ರಿಕೆಗೆ ತಿಳಿಸಿದ ಗುಮಾಸ್ತನಿಗೋ? ಶಿಷ್ಯನೇ ಆ ರಾತ್ರಿ, ಊಟವಾದ ಮೇಲೆ, ತಾನು ಭೇದಿಸಿದ ಪ್ರಕರಣಗಳ ಕಥೆ ಹೇಳಿದ. ಪ್ರತಿಯೊಂದರಲ್ಲಿಯೂ ದಾರಿ ಸಿಕ್ಕಿದ್ದು ತುದಿಯಲ್ಲಿ: ಒಬ್ಬ ಬಾಯಿಬಿಟ್ಟ, ಒಬ್ಬನ ಫೋನು ವಶವಾಯಿತು, ಒಬ್ಬ ಹಣ ಪಡೆಯಲು ಬಂದ. ನಾನು ಅದನ್ನು ಎತ್ತಿ ತೋರಿಸಿದಾಗ, “ಸಿಕ್ಕಿದವರ ಕಥೆ ಮಾತ್ರ ಹೇಳಿದೆ, ಮೇಷ್ಟ್ರೇ” ಎಂದು ಚಪ್ಪಲಿ ಮೆಟ್ಟಿಕೊಂಡ.

ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ನಿವೃತ್ತರಾಗಿ, ಎಂಬತ್ತು ದಾಟಿದ ಮೇಲೆ, 2012ರಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ವಯಸ್ಸಿನಲ್ಲಿ ನಮ್ಮಂಥವರು ಪಿಂಚಣಿಯ ಕಚೇರಿಗೆ ಅರ್ಜಿ ಬರೆಯುವುದಕ್ಕೂ ಬೇಸರಪಡುತ್ತೇವೆ. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಸರ್ಕಾರ ಅದರೊಳಗೆ ಕಾಲಿಡಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೂ ಕ್ರಮಕ್ಕೂ ಪ್ರಮಾಣವಿರಬೇಕು. ಗೂಢಲಿಪಿಯ ಜಗಳದಲ್ಲಿ ಇಂದು ಎರಡು ಪಕ್ಷದವರೂ ಹಿಡಿಯುವ ತಕ್ಕಡಿ ಇದೇ. ಪೊಲೀಸರ ಪ್ರಶ್ನೆಯನ್ನೂ ಅದು ಹೊರಗಿಡುವುದಿಲ್ಲ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಖಾಸಗಿತನ ಎಂಬ ಶಬ್ದ ನಮ್ಮ ತಂದೆಯವರಿಗೆ ಗೊತ್ತಿರಲಿಲ್ಲ. ಅಂದು ವಲ್ಲಿಯೊಳಗೆ ಅವರು ಯಾವ ಅಪರಾಧವನ್ನೂ ಅಡಗಿಸುತ್ತಿರಲಿಲ್ಲ. ಸಾಲಗಾರನ ಮುಂದೆ, ಬೀಗರಾಗಬಹುದಾದವರ ಮುಂದೆ, ಹದಿನೈದು ವರ್ಷದ ಮಗನ ಮುಂದೆ, ತಮ್ಮ ಸೋಲು ಎಷ್ಟು ದೊಡ್ಡದೆಂಬುದನ್ನು ತೋರಗೊಡದೆ ಉಳಿಸಿಕೊಂಡರು. ಅಕ್ಕನ ಮದುವೆ ಆ ಮನೆಯಲ್ಲಿಯೇ ನಡೆಯಿತು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಹಳೆಯ ಲೆಕ್ಕದ ಪುಸ್ತಕಗಳು ಸಿಕ್ಕಿದುವು. ಕಾಸು ಕಾಸಿಗೂ ಲೆಕ್ಕ ಬರೆಯುತ್ತಿದ್ದವರು. ಜಾತ್ರೆಯ ದಿನದ ಪುಟ ತೆರೆದೆ. ಬಸ್ಸಿನ ಛಾರ್ಜು, ನನಗೆ ಕೊಡಿಸಿದ ಕಡಲೆಪುರಿ, ದಲ್ಲಾಳಿಯ ರುಸುಮು ಎಲ್ಲವೂ ಇದ್ದುವು. ‘ಜೋಡಿ ಕೊಟ್ಟದ್ದು’ ಎಂದು ಬರೆದು, ಅದರೆದುರಿಗೆ ಮೊತ್ತದ ಜಾಗವನ್ನು ಖಾಲಿ ಬಿಟ್ಟಿದ್ದರು.